ಚೊಂಬು ಎತ್ತಿ ಕುಡಿಯೋರು, ಬೀಡಿ ಹಂಚಿ ಸೇದೋರು

ನಮ್ಮ ಗೌಡಗೆರೆ ಹೋಬಳೀಲಿ ನೀರಿನ ಚೊಂಬು ತುಟಿಗೆ ಮುಟ್ಟಿಸಿದವನಿಗೆ ಬೈಗುಳ ತಪ್ಪಲ್ಲ. "ಎತ್ತಿ ಕುಡಿಯೋ, ಎಂಜಲು ಮಾಡಬ್ಯಾಡ" ಅಂತ ಚಿಕ್ಕ ಹುಡುಗನಿಂದ ಹಿಡಿದು ಎಲ್ಲರಿಗೂ ಹೇಳಿ ಬೆಳೆಸಿದ್ದಾರೆ. ಅದೇ ಚೊಂಬನ್ನ ಒಂದು ಗೇಣು ಮೇಲೆತ್ತಿ ಗಟಗಟ ಕುಡಿದ ಮನುಷ್ಯ ಅರ್ಧ ಗಳಿಗೆ ಆದಮೇಲೆ ಪಕ್ಕದವನ ಬಾಯಲ್ಲಿದ್ದ ಬೀಡಿ ಇಸ್ಕೊಂಡು ಎರಡು ದಮ್ಮು ಎಳೆದು ವಾಪಸ್ ಕೊಡ್ತಾನೆ. ಕೊಟ್ಟವನೂ ಒರೆಸಲ್ಲ, ಇಸ್ಕೊಂಡವನೂ ಒರೆಸಲ್ಲ. ಇದೇನು ಅಂತ ನಮ್ಮ ಹಿರೀಕರೊಬ್ಬರನ್ನ ಕೇಳಿದ್ದಕ್ಕೆ "ಬೆಂಕಿ ಹತ್ತಿರೋ ಪದಾರ್ಥಕ್ಕೆ ಎಂಜಲೆಂಥದ್ದು ಕಣಪ್ಪ" ಅಂದ್ರು. ಮಾತೇನೋ ಚೆನ್ನಾಗಿದೆ. ಆದ್ರೆ ಬೆಂಕಿ ಇರೋದು ಆ ತುದೀಲಿ, ಬಾಯಿ ಇರೋದು ಈ ತುದೀಲಿ.

ಈ ಸಲ ಬೆಳೆ ವಿಚಾರ ಬಿಟ್ಟು ಬೀಡಿ ವಿಚಾರ ಬರೆಯೋಕೆ ಕಾರಣ ಇದೆ. ಕಳ್ಳೇಕಾಯಿ ಕೆಲಸಕ್ಕೆ ನಮ್ಮ ಕಡೆ ನಾಲ್ಕೈದು ಊರಿನ ಆಳು ಒಟ್ಟಿಗೆ ಸೇರ್ತಾರೆ. ಅದರಲ್ಲಿ ಒಬ್ಬರಿಗೆ ಕ್ಷಯ ಅಂತ ಗೊತ್ತಾಗಿ ಔಷಧಿ ಶುರುವಾಯ್ತು. ಡೈರಿ ಹತ್ರ ಎರಡು ದಿನ ಅದೇ ಮಾತು. "ಅವನ ಬೀಡಿ ಸೇದಿದ್ದೆ, ನಂಗೂ ಬಂತಾ?" ಅಂತ ಒಬ್ಬ. "ಅವನ ಲೋಟ ಬೇರೆ ಇಡಿ" ಅಂತ ಇನ್ನೊಬ್ಬ. ಯಾರ ಮಾತಲ್ಲಿ ಎಷ್ಟು ನಿಜ ಅಂತ ತಿಳ್ಕೊಳ್ಳೋಕೆ ಹೊರಟು ಹುಡುಕ್ತಾ ಹೋದ್ರೆ ದಾರಿ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಿಂದ ನಮ್ಮದೇ ತುಮಕೂರು ಜಿಲ್ಲೆಯ ಹಳ್ಳಿಗಳವರೆಗೂ ಬಂತು. ಅದನ್ನ ನಿಧಾನಕ್ಕೆ ಹೇಳ್ತೀನಿ.

ಹೊಗೆಸೊಪ್ಪು ನಮ್ಮ ನೆಲದ್ದಲ್ಲ. ಮೆಣಸಿನಕಾಯಿ, ಕಳ್ಳೇಕಾಯಿ ಇದ್ದಂಗೆ ಅದೂ ಅಮೆರಿಕದ ಕಡೆಯಿಂದ ಪೋರ್ಚುಗೀಸರ ಹಡಗಲ್ಲಿ ಬಂದದ್ದು. ಅಕ್ಬರನ ದರ್ಬಾರಿನವನಾದ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರದಲ್ಲಿ ಮೊದಲ ಸಲ ಇದನ್ನ ನೋಡಿ, ಒಂದಷ್ಟು ಸೊಪ್ಪನ್ನೂ ಒಂದು ಚಂದದ ಕೊಳವೆಯನ್ನೂ ಮಾಡಿಸಿಕೊಂಡು ಆಗ್ರಾಕ್ಕೆ ಒಯ್ದ. ಅಕ್ಬರ ಎರಡು ದಮ್ಮು ಎಳೆದನಂತೆ. ಪಕ್ಕದಲ್ಲಿದ್ದ ಹಕೀಮ ಬೇಡ ಅಂತ ತಡೆದ, ಗೊತ್ತಿಲ್ಲದ ಔಷಧಿ, ನಮ್ಮ ಗ್ರಂಥದಲ್ಲಿಲ್ಲ ಅಂತ. ಅಂದ್ರೆ ಈ ದೇಶದಲ್ಲಿ ಹೊಗೆಸೊಪ್ಪಿನ ಆರೋಗ್ಯದ ಜಗಳ ಶುರುವಾಗಿದ್ದೇ ಕರ್ನಾಟಕದಿಂದ ಹೋದ ಒಂದು ಚಿಲುಮೆಯಿಂದ. ಜಹಾಂಗೀರ 1617ರಲ್ಲಿ ಸೇದಬಾರದು ಅಂತ ಹುಕುಂ ಮಾಡಿದ. ಯಾರು ಕೇಳ್ತಾರೆ?

ನಮ್ಮ ಶಿರಾ 1638ರಲ್ಲಿ ರಣದುಲ್ಲಾಖಾನನ ಕೈಗೆ, ಅಂದ್ರೆ ಬಿಜಾಪುರದ ಕೈಗೆ ಹೋಯ್ತು. ಆಮೇಲೆ 1687ರಿಂದ ಮೊಗಲರ ಸುಬಾ. ದಂಡು, ಕುದುರೆ, ದರ್ಬಾರು, ಎಲ್ಲದರ ಜೊತೆ ಹುಕ್ಕ ನಡೆಯೋ ಕಾಲ ಅದು. ಆದ್ರೆ ಹುಕ್ಕದಲ್ಲಿ ಒಂದು ಗಮನಿಸಬೇಕಾದ ಸಂಗತಿ ಇದೆ. ಉಳ್ಳವರು ಅವರವರದೇ ಬಾಯಿತುದಿ ಇಟ್ಕೊಂಡಿರ್ತಿದ್ರು. ಬೆಳ್ಳಿಯದೋ ದಂತದ್ದೋ. ಕೊಳವೆ ನಿಮ್ಮ ಕಡೆ ತಿರುಗಿದಾಗ ನಿಮ್ಮ ತುದಿ ಸಿಕ್ಕಿಸಿಕೊಂಡು ಸೇದೋದು. ಹಂಚಿಕೊಳ್ಳೋದು ಹೊಗೆಯನ್ನ, ಎಂಜಲನ್ನಲ್ಲ.

ಬಡವರ ಚಿಲುಮೆಯಲ್ಲೂ ಅಂಥದ್ದೇ ಒಂದು ಉಪಾಯ ಇತ್ತು. ವಯಸ್ಸಾದೋರು ಚಿಲುಮೆ ಸೇದೋದನ್ನ ನೋಡಿರೋರು ನಿಮ್ಮಲ್ಲಿ ಇನ್ನೂ ಇದ್ದೀರಿ. ಚಿಲುಮೇನ ನೇರ ಬಾಯಿಗೆ ಇಡ್ತಿರಲಿಲ್ಲ. ಒದ್ದೆ ಬಟ್ಟೆ ತುಂಡು ಸುತ್ತಿ, ಎರಡು ಕೈ ಮುಷ್ಟಿ ಕಟ್ಟಿ, ಬೆರಳ ಸಂದೀಲಿ ಚಿಲುಮೆ ಹಿಡಿದು ಹೆಬ್ಬೆರಳ ಹತ್ರ ಬಾಯಿಟ್ಟು ಎಳೀತಿದ್ರು. ತುಟಿ ಮುಟ್ಟೋದು ಅವರವರ ಕೈಯನ್ನೇ. ನಾಲ್ಕು ಜನರ ನಡುವೆ ಸುತ್ತಿದ್ರೂ ಒಬ್ಬರ ತುಟಿ ಇನ್ನೊಬ್ಬರದಕ್ಕೆ ತಾಗ್ತಿರಲಿಲ್ಲ. ರೋಗಾಣು ಅಂತ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಎಂಜಲಿನ ಕಟ್ಟುಪಾಡೇ ಈ ಅಡ್ಡ ಹಾಕಿತ್ತು ಅನ್ನೋದು ನನ್ನ ಅನಿಸಿಕೆ. ಬೀಡಿ ಬಂದ್ಮೇಲೆ ಆ ಅಡ್ಡ ಹೋಯ್ತು.

ಬೀಡಿ ನಾವು ಅಂದ್ಕೊಂಡಷ್ಟು ಹಳೇದೇನಲ್ಲ. ಗುಜರಾತು, ಮಧ್ಯಪ್ರಾಂತ್ಯದ ಕಡೆ ನೂರಿಪ್ಪತ್ತು ವರ್ಷದ ಹಿಂದೆ ದೊಡ್ಡ ವ್ಯಾಪಾರವಾಗಿ, ರೈಲು ಹಿಡಿದು ದಕ್ಷಿಣಕ್ಕೆ ಇಳೀತು. ನಮ್ಮ ರಾಜ್ಯದಲ್ಲಿ ಮಂಗಳೂರು ಅದರ ತವರಾಯ್ತು. ಗಣೇಶ್ ಬೀಡಿ, ಭಾರತ್ ಬೀಡಿ ಕಟ್ಟು ನೋಡದ ಊರಂಗಡಿ ಇಲ್ಲ. ತುಮಕೂರಲ್ಲೂ ಸಾವಿರಾರು ಹೆಂಗಸರು ಮನೆಬಾಗಿಲಲ್ಲಿ ಕೂತು ಮೊರದ ಮೇಲೆ ಬೀಡಿ ಸುತ್ತಿ ಸಂಸಾರ ನಡೆಸಿದ್ದಾರೆ. ಅವರಿಗಾಗಿ 1966ರಲ್ಲಿ ಕಾನೂನೂ ಬಂತು. ಅವರ ಕೆಮ್ಮಿನ ಕಥೆ ಬೇರೆ ಇದೆ, ಅದನ್ನ ಇನ್ನೊಂದು ಸಲ ಬರೀತೀನಿ.

ಬೀಡಿಗೆ ಸುತ್ತೋದು ತೂಪ್ರದ ಎಲೆ. ನಮ್ಮ ಕುರುಚಲು ಕಾಡಲ್ಲೂ ಇರೋ ಮರ, ಹಣ್ಣು ತಿಂದಿರ್ತೀರಿ. ಆ ಎಲೆ ದಪ್ಪ, ಕಾಗದದ ಥರ ಗಾಳಿ ಆಡಲ್ಲ. ಹಂಗಾಗಿ ಬೀಡಿ ತಾನಾಗೇ ಉರಿಯಲ್ಲ. ಸಿಗರೇಟು ಬೆರಳಲ್ಲಿ ಇಟ್ಕೊಂಡು ಮಾತಾಡ್ತಾ ಕೂತ್ರೂ ಉರಿದು ಬೂದಿ ಆಗುತ್ತೆ. ಬೀಡಿ ಎರಡು ಮಾತಾಡೋಷ್ಟರಲ್ಲಿ ಆರಿಹೋಗುತ್ತೆ. ಅದಕ್ಕೇ ಬೀಡಿ ಸೇದೋನು ಪದೇ ಪದೇ, ಜೋರಾಗಿ ಎಳೀಬೇಕು. ಸಿಗರೇಟಿನಲ್ಲಿರೋದರ ಕಾಲುಭಾಗ ಸೊಪ್ಪು ಇದ್ರೂ ಹೊಗೆ ಎದೆಗೆ ಇಳಿಯೋದು ಕಮ್ಮಿ ಏನಲ್ಲ. ಟಾರು, ಕಾರ್ಬನ್ ಮಾನಾಕ್ಸೈಡ್ ಎರಡೂ ಜಾಸ್ತೀನೇ.

ಆರಿಹೋಗುತ್ತೆ ಅನ್ನೋ ಈ ಒಂದು ಗುಣದಿಂದಲೇ ಮೋಟು ಬೀಡಿ ಹುಟ್ಟಿದ್ದು. ಅರ್ಧ ಸೇದಿದ್ದು ಆರಿತು, ಕರೆ ಬಂತು, ಕಿವಿಸಂದೀಲಿ ಸಿಕ್ಕಿಸಿ ನೇಗಿಲು ಹಿಡಿದ. ಮಧ್ಯಾಹ್ನ ಮತ್ತೆ ಹಚ್ಚಿದ. ಉಳಿದದ್ದು ಸಂಜೆಗೆ. ಬಡತನಕ್ಕೆ ಸರಿಹೋಗೋ ಹೊಗೆ ಅದು. ಆದ್ರೆ ಮೋಟು ಹೊಸ ಬೀಡಿಯಷ್ಟು ಬರೀ ಸೊಪ್ಪಲ್ಲ. ಮೊದಲ ಅರ್ಧದ ಹೊಗೆ ಹಾದುಹೋಗಿರೋದೇ ಈ ಉಳಿದರ್ಧದ ಮೂಲಕ. ಅದರ ಟಾರು, ನಿಕೋಟಿನ್ ಇಲ್ಲಿ ತಂಪಾಗಿ ಅಂಟಿಕೊಂಡು ಕೂತಿರುತ್ತೆ. ಮತ್ತೆ ಹಚ್ಚಿದಾಗ ಅದೂ ಕಾದು ಹೊಗೆಗೆ ಸೇರುತ್ತೆ. ಸೇದೋರೇ "ಮೋಟು ಖಾರ ಕಣಣ್ಣ, ಗಂಟಲು ಹಿಡಿಯುತ್ತೆ" ಅಂತಾರಲ್ಲ, ಅದು ಇದೇ. ಸಿಗರೇಟಲ್ಲೂ ಕೊನೆ ದಮ್ಮುಗಳಲ್ಲೇ ವಿಷ ಹೆಚ್ಚು.

ಇನ್ನು ಬಿಸಾಡಿದ ಮೋಟಿನ ವಿಷಯ. ಇದನ್ನ ಬರೀಬೇಕೋ ಬ್ಯಾಡವೋ ಅಂತ ಯೋಚಿಸ್ದೆ, ಬರೀದೆ ಹೋದ್ರೆ ಚರಿತ್ರೆ ಅರ್ಧ ಆಗುತ್ತೆ.

ಬೀಡಿ ಹಂಚಿ ಸೇದೋದು ಸರೀಕರ ನಡುವೆ. ಒಂದೇ ಕೇರಿ, ಒಂದೇ ಜಾತಿ, ಒಂದೇ ದಂಡೆ ಆಳು. ಆದ್ರೆ ಗೌಡನ ಬೀಡಿ ಜೀತದ ಆಳಿನ ಕೈಗೆ ಕೈಯಿಂದ ಹೋಗ್ತಿರಲಿಲ್ಲ. ಯಜಮಾನ ಸೇದಿ ಸಾಕಾದ ಮೋಟನ್ನ ಅಂಗಳಕ್ಕೆ ಎಸೀತಿದ್ದ, ಆಳು ಎತ್ಕೊಂಡು ಮರೆಗೆ ಹೋಗಿ ಸೇದ್ತಿದ್ದ. ಎದುರಿಗೆ ಸೇದೋ ಹಂಗಿಲ್ಲ. ಹೋಟ್ಲಲ್ಲಿ ಬೇರೆ ಲೋಟ ಇದ್ದ ಕಾಲ ಅದು. ಮೇಲಿನವನ ಬಾಯಲ್ಲಿದ್ದದ್ದು ಕೆಳಗಿನವನ ಬಾಯಿಗೆ ಹೋದ್ರೆ ಮೈಲಿಗೆ ಇಲ್ಲ, ತಿರುಗಿ ಬಂದ್ರೆ ಮಾತ್ರ ಮೈಲಿಗೆ. ಬೆಂಕಿಗೆ ಎಂಜಲಿಲ್ಲ ಅನ್ನೋ ಮಾತು ಒಂದೇ ದಿಕ್ಕಿಗೆ ಓಡ್ತಿತ್ತು. 1975ರ ಕೊನೆಗೆ ಸುಗ್ರೀವಾಜ್ಞೆ, 1976ರಲ್ಲಿ ಕಾನೂನು, ಜೀತ ಕಾಗದದ ಮೇಲೆ ಮುಗೀತು. ಎಸೆದ ಮೋಟು ಎತ್ತೋದು ಇನ್ನೂ ಒಂದಷ್ಟು ವರ್ಷ ನಡೀತು. ನೋಡಿದವರು ನಮ್ಮ ನಡುವೆ ಇದ್ದಾರೆ, ಎತ್ತಿದವರೂ ಇದ್ದಾರೆ. ಅವರಿಗೆ ಇದು ಆರೋಗ್ಯದ ಪಾಠ ಅಲ್ಲ.

ಎತ್ತೋರಲ್ಲಿ ಇನ್ನೊಂದು ಪಂಗಡ ಹುಡುಗರು. ಹೊಗೆಯ ಚಟ ಹಿಡಿದೋರಲ್ಲಿ ಎಷ್ಟೋ ಜನರ ಮೊದಲ ಬೀಡಿ ಕೊಂಡದ್ದಲ್ಲ, ಜಾತ್ರೆ ಬಯಲಲ್ಲೋ ಬಸ್‌ಸ್ಟ್ಯಾಂಡಲ್ಲೋ ಸಿಕ್ಕಿದ ಮೋಟು. ಬರೀ ನಮ್ಮಲ್ಲೇ ಅಂತಲ್ಲ. ಲಂಡನ್ನಿನಲ್ಲಿ 1850ರ ಸುಮಾರಿಗೆ ಬೀದೀಲಿ ಬಿದ್ದ ಚುಟ್ಟಾ ತುಂಡು ಆಯ್ದು ಮಾರೋರು ಇದ್ರು ಅಂತ ಹೆನ್ರಿ ಮೇಹ್ಯೂ ಅನ್ನೋ ಪತ್ರಕರ್ತ ಬರೆದಿಟ್ಟಿದ್ದಾನೆ. ಆಯ್ದ ತುಂಡನ್ನ ಒಣಗಿಸಿ ಮಾರಿಬಿಡೋದು.

ಈಗ ಕ್ಷಯಕ್ಕೆ ಬರೋಣ, ಡೈರಿ ಹತ್ರದ ಪ್ರಶ್ನೆ ಅದೇ ಅಲ್ವಾ.

1882ರ ಮಾರ್ಚ್ 24ಕ್ಕೆ ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣು ತೋರಿಸಿದ. ಅಲ್ಲಿಂದ ಅರವತ್ತು ವರ್ಷ ಔಷಧಿ ಇರಲಿಲ್ಲ. ರಾಜನಿಗೂ ಇರಲಿಲ್ಲ, ರೈತನಿಗೂ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಇದೇ ರೋಗಕ್ಕೆ ಹೋದರು. ಮೈಸೂರಿನ ಕ್ಷಯದ ಆಸ್ಪತ್ರೆಗೆ ಅವರದೇ ಹೆಸರು. ಒಳ್ಳೆ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಊರಲ್ಲಿ ಬಂದ್ರೆ ತಟ್ಟೆ ಲೋಟ ಬೇರೆ, ಜಗುಲಿ ಮೂಲೇಲಿ ಚಾಪೆ. ಎಂಜಲಿಂದ ಬರುತ್ತೆ ಅನ್ನೋದು ಎಲ್ಲರ ನಂಬಿಕೆ.

ಆ ನಂಬಿಕೆ ಸರೀನಾ ಅಂತ ನೋಡಿದ ದೊಡ್ಡ ಕೆಲಸಗಳಲ್ಲಿ ಒಂದು ನಮ್ಮ ಪಕ್ಕದ ಮದರಾಸಲ್ಲೇ ಆಯ್ತು. 1950ರ ದಶಕದ ಕೊನೆಯಲ್ಲಿ ಅಲ್ಲಿಯ ಕ್ಷಯ ಚಿಕಿತ್ಸಾ ಕೇಂದ್ರದೋರು ಅರ್ಧ ರೋಗಿಗಳನ್ನ ಸ್ಯಾನಟೋರಿಯಮ್ಮಿಗೆ ಹಾಕಿದ್ರು, ಇನ್ನರ್ಧ ಜನಕ್ಕೆ ಅವರವರ ಇಕ್ಕಟ್ಟಿನ ಮನೆಯಲ್ಲೇ ಮಾತ್ರೆ ಕೊಟ್ಟರು. ಮನೇಲಿ ಇದ್ದೋರು ಆಸ್ಪತ್ರೇಲಿ ಇದ್ದೋರಷ್ಟೇ ಚೆನ್ನಾಗಿ ವಾಸಿಯಾದ್ರು. ಮನೆಮಂದಿಗೆ ಅದರಿಂದ ರೋಗ ಹೆಚ್ಚಾಗಿ ಅಂಟಲಿಲ್ಲ. ಅಂಟಿಸೋದು ಬಹುಪಾಲು ಗೊತ್ತಾಗೋಕೆ ಮುಂಚೆ, ಔಷಧಿ ಶುರುವಾಗೋಕೆ ಮುಂಚೆಯೇ ಆಗಿರುತ್ತೆ. ಅದೇ ಹೊತ್ತಿಗೆ ಅಮೆರಿಕದ ಬಾಲ್ಟಿಮೋರಲ್ಲಿ ರೈಲಿ ಅನ್ನೋ ಡಾಕ್ಟರು ಕ್ಷಯದ ವಾರ್ಡಿನ ಗಾಳಿಯನ್ನ ಕೊಳವೆಯಲ್ಲಿ ಮೇಲಿನ ಕೋಣೆಗೆ ಬಿಟ್ಟು ಅಲ್ಲಿ ಗಿನಿಪಿಗ್‌ಗಳನ್ನ ಸಾಕಿದರು. ರೋಗಿಯ ತಟ್ಟೆ ಇಲ್ಲ, ಲೋಟ ಇಲ್ಲ, ಬರೀ ಗಾಳಿ. ಪ್ರಾಣಿಗಳಿಗೆ ಕ್ಷಯ ಬಂತು.

ನಮ್ಮ ಜಿಲ್ಲೆ ಈ ಕಥೆಯಲ್ಲಿ ಬರೋದು ಇಲ್ಲೇ. ಬೆಂಗಳೂರಿನ ಬಳ್ಳಾರಿ ರಸ್ತೇಲಿ ರಾಷ್ಟ್ರೀಯ ಕ್ಷಯ ಸಂಸ್ಥೆ 1959ರಲ್ಲಿ ಶುರುವಾಯ್ತು. ಅದರ ತಂಡ 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳನ್ನ ಆರಿಸಿಕೊಂಡು ಮನೆಮನೆ ಎಣಿಸಿ, ತೋಳಿಗೆ ಚುಚ್ಚಿ, ಗಾಡೀಲಿ ತಂದ ಎಕ್ಸ್‌ರೇ ತೆಗೆದು, ಕಫ ಪರೀಕ್ಷೆ ಮಾಡ್ತು. ಸಾವಿರಕ್ಕೆ ಸುಮಾರು ನಾಲ್ಕು ಜನರ ಕಫದಲ್ಲಿ ರೋಗಾಣು ಸಿಕ್ತು. ಕ್ಷಯ ಪ್ಯಾಟೆ ರೋಗ, ಗಿರಣಿ ಕೂಲಿಗಳ ರೋಗ ಅಂತ ತಿಳಿದಿದ್ದೋರಿಗೆ ಹಳ್ಳೀಲೂ ಅಷ್ಟೇ ಇದೆ ಅಂತ ಗೊತ್ತಾಗಿದ್ದು ಇಂಥ ಸರ್ವೆಗಳಿಂದ.

ನನ್ನ ಮನಸ್ಸು ಹೆಚ್ಚು ಕಲಕಿದ್ದು ಅದರ ಬೆನ್ನಿಗೆ ನಡೆದ ಇನ್ನೊಂದು ಕೆಲಸ. ಡಿ. ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಅಂತ ಇಬ್ಬರು, ಹಿಂಗೆ ಸಿಕ್ಕಿದ ರೋಗಿಗಳ ಹತ್ರ ಹೋಗಿ ಕೂತು ಮಾತಾಡಿದ್ರು. ಹಳ್ಳಿಯೋರಿಗೆ ತಿಳುವಳಿಕೆ ಇಲ್ಲ, ಕೆಮ್ಮಿದ್ರೂ ಗಮನ ಕೊಡಲ್ಲ ಅನ್ನೋದು ಆಗಿನ ದೊಡ್ಡೋರ ಅಭಿಪ್ರಾಯ. 1963ರಲ್ಲಿ ಅಚ್ಚಾದ ಅವರ ವರದಿ ಬೇರೆಯದೇ ಹೇಳ್ತು. ಹೆಚ್ಚೂಕಮ್ಮಿ ಎಲ್ಲರಿಗೂ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ನೀರು. ಕಫ ನೋಡೋರು ಯಾರೂ ಇರಲಿಲ್ಲ. ರೋಗಿ ಬಂದಿದ್ದ, ಆಸ್ಪತ್ರೆ ಬಂದಿರಲಿಲ್ಲ. ಎಕ್ಸ್‌ರೇ ಗಾಡಿ ಊರೂರು ಅಲೆಯೋದಕ್ಕಿಂತ, ಕೆಮ್ಮಿಕೊಂಡು ತಾನಾಗೇ ಬಂದವನ ಕಫ ಹತ್ತಿರದ ಆಸ್ಪತ್ರೇಲೇ ನೋಡಬೇಕು ಅನ್ನೋ ದೇಶದ ಕಾರ್ಯಕ್ರಮ 1962ರಿಂದ ರೂಪುಗೊಂಡಿದ್ದು ನಮ್ಮ ತುಮಕೂರಿನ ಕೆಮ್ಮುಗಳನ್ನ ಕೇಳಿಸಿಕೊಂಡ ಮೇಲೆ. ಅದನ್ನ ಮೊದಲು ಹಚ್ಚಿ ನೋಡಿದ್ದು ಆಗ ಪಾವಗಡವನ್ನ ಸುತ್ತುವರಿದಿದ್ದ ಅನಂತಪುರ ಜಿಲ್ಲೇಲಿ.

ಹಂಗಾದ್ರೆ ಹಂಚಿ ಸೇದಿದ ಬೀಡಿಯಿಂದ ಕ್ಷಯ ಬರುತ್ತಾ? ತುಟಿಯ ಎಂಜಲು ಮುಖ್ಯ ದಾರಿ ಅಲ್ಲ. ಆದ್ರೆ ಬೀಡಿ ಹಂಚೋರು ಹೆಂಗೆ ಕೂತಿರ್ತಾರೆ ಅನ್ನೋದು ಮುಖ್ಯ. ಮಳೆ ಹನೀತಿದ್ರೆ ಪಂಪ್‌ಹೌಸ್ ಒಳಗೆ ಬಾಗಿಲು ಮುಂದೆ ಮಾಡ್ಕೊಂಡು, ಮೊಣಕಾಲಿಗೆ ಮೊಣಕಾಲು ತಾಗಿಸಿ, ಒಬ್ಬ ಎಳೆದು ಕೆಮ್ಮೋದು, ಇನ್ನೊಬ್ಬ ಅದೇ ಗಾಳೀನ ಜೋರಾಗಿ ಎದೆಗೆ ಎಳ್ಕೊಳ್ಳೋದು. ಅಮೆರಿಕದ ಸಿಯಾಟಲಲ್ಲಿ 2004ರಲ್ಲಿ ಗಾಜು ಏರಿಸಿದ ಕಾರೊಳಗೆ ಕೂತು ಗಾಂಜಾ ಹಂಚಿ ಸೇದಿದ ಹುಡುಗರ ಗುಂಪಲ್ಲಿ ಕ್ಷಯ ಹಬ್ಬಿತ್ತು. ಅಲ್ಲೂ ಗುಮಾನಿ ಹೋಗಿದ್ದು ಆ ಮುಚ್ಚಿದ ಗಾಳಿ ಮೇಲೆ. ಲೋಟ ಬೇರೆ ಇಟ್ಟು ಅದೇ ಪಂಪ್‌ಹೌಸಲ್ಲಿ ಜೊತೆ ಕೂತ್ರೆ ಏನು ಬಂತು?

ಇನ್ನೂ ದೊಡ್ಡ ಸಂಗತಿ ಹೊಗೆಯೇ. ತಮಿಳುನಾಡಲ್ಲಿ 43,000 ಗಂಡಸರ ಸಾವಿನ ಲೆಕ್ಕ ಹಿಡಿದು ಗಜಲಕ್ಷ್ಮಿ, ರಿಚರ್ಡ್ ಪೀಟೊ ಮತ್ತವರ ಜೊತೆಯೋರು 2003ರಲ್ಲಿ ಹೇಳಿದ್ದು: ಸೇದದವರಿಗಿಂತ ಸೇದೋರು ಕ್ಷಯದಿಂದ ಸಾಯೋದು ಸುಮಾರು ನಾಲ್ಕು ಪಟ್ಟು ಹೆಚ್ಚು. ಹಳ್ಳಿಗಳಲ್ಲಿ ಸೇದೋದು ಹೆಚ್ಚಾಗಿ ಬೀಡಿಯೇ. ಮಲಗಿರೋ ರೋಗಾಣುವನ್ನ ಎದೆಯೊಳಗೆ ಎಬ್ಬಿಸೋ ಕೆಲಸ ಹೊಗೆ ಮಾಡುತ್ತೆ. ಅಂದ್ರೆ ಸ್ವಂತ ಬೀಡಿಯೂ ಅಷ್ಟೇ, ಇಸ್ಕೊಂಡದ್ದೂ ಅಷ್ಟೇ.

ಎಂಜಲಿಂದ ಬರೋವು ಬೇರೆ ಇವೆ. ತುಟಿ ಮೇಲೆ ನೀರ್ಗುಳ್ಳೆ ಎಬ್ಬಿಸೋ ಹರ್ಪಿಸ್, ನೆಗಡಿ ಜ್ವರ, ಗಂಟಲು ನೋವು, ಅಪರೂಪಕ್ಕೆ ಮಿದುಳು ಜ್ವರದ ರೋಗಾಣು. ನಮ್ಮ ರೈತರಿಗೆ ಇರೋ ಇನ್ನೊಂದು ಅಪಾಯ: ಔಷಧಿ ಹೊಡೆಯೋ ದಿನದ ಮೋಟು. ಕ್ಲೋರೋಪೈರಿಫಾಸ್ ಬೆರೆಸಿದ ಕೈಯಲ್ಲೇ ಕಿವಿಸಂದಿ ಮೋಟು ತೆಗೆದು ಬಾಯಿಗಿಡೋದು. ಇಡೋದು ವಿಷ ಹತ್ತಿದ ತುದೀನೇ. ಆಮೇಲೆ "ಬಿಸಿಲಿಗೆ ತಲೆಸುತ್ತು ಬಂತು" ಅಂತ ಹುಣಸೆಮರದ ಕೆಳಗೆ ಮಲಗಿರ್ತಾರೆ. ಆ ಮೋಟನ್ನ ಇನ್ನೊಬ್ಬ ಇಸ್ಕೊಂಡಿದ್ರೆ ಔಷಧಿ ಮುಟ್ಟದೇ ಇರೋನಿಗೂ ಅದರ ಪಾಲು.

ಕೊರೊನಾ ಬಂದ 2020ರಲ್ಲಿ ಇದೆಲ್ಲ ಬಯಲಾಗಬೇಕಿತ್ತು. ಜಿಲ್ಲೆಯ ಮೊದಲ ಸಾವು ಆ ಮಾರ್ಚ್ ಕೊನೆಗೆ ನಮ್ಮ ಶಿರಾ ಕಡೆಯೋರದ್ದೇ. ಎಲ್ಲರ ಮುಖಕ್ಕೂ ಟವೆಲ್ಲು. ಆದ್ರೆ ಅಂಗಡಿ ಮುಚ್ಚಿ ಬೀಡಿ ಕಟ್ಟಿನ ರೇಟು ಎರಡು ಮೂರು ಪಟ್ಟಾದಾಗ ಆಗಿದ್ದೇನು? ಒಂದು ಬೀಡೀಗೆ ನಾಲ್ಕು ಬಾಯಿ. ಟವೆಲ್ಲು ಗದ್ದಕ್ಕೆ ಇಳಿಸಿ, ಸೇದಿ, ಮತ್ತೆ ಏರಿಸೋದು. ನಗೋದೋ ಅಳೋದೋ.

ಡೈರಿ ಹತ್ರದೋರಿಗೆ ನಾನು ಹೇಳಿದ್ದು ಇಷ್ಟೇ. ಅವನ ಬೀಡಿ ಸೇದಿದ್ದೀನಿ ಅಂತ ಹೆದರಿರೋರು, ಅವನ ಜೊತೆ ಪಂಪ್‌ಹೌಸಲ್ಲಿ, ಟೆಂಪೋದಲ್ಲಿ ಕೂತೋರು, ಎಲ್ಲರೂ ಕಫ ಕೊಡಿ. ಎರಡು ವಾರ ದಾಟಿದ ಕೆಮ್ಮು ಯಾರಿಗಿದ್ರೂ ಕೊಡಿ. ಆಶಾ ಕಾರ್ಯಕರ್ತೆ ಡಬ್ಬಿ ಕೊಡ್ತಾರೆ, ಪರೀಕ್ಷೆಗೂ ದುಡ್ಡಿಲ್ಲ, ಆರು ತಿಂಗಳ ಮಾತ್ರೆಗೂ ದುಡ್ಡಿಲ್ಲ. ಊಟಕ್ಕೆ ಅಂತ 2024ರ ನವೆಂಬರಿಂದ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತೆ. ಪಾವಗಡದ ಕಡೆಯೋರಿಗೆ ಸ್ವಾಮಿ ಜಪಾನಂದರ ಗ್ರಾಮೀಣ ಆರೋಗ್ಯ ಕೇಂದ್ರ ಗೊತ್ತೇ ಇದೆ, ಕುಷ್ಠ, ಕ್ಷಯ ಅಂದ್ರೆ ಜನ ದೂರ ಓಡ್ತಿದ್ದಾಗ ಅಲ್ಲಿ ಒಳಗೆ ಕರೆದರು. ಔಷಧಿ ಸರಿಯಾಗಿ ಶುರುವಾಗಿ ಕೆಲವೇ ವಾರಕ್ಕೆ ರೋಗಿ ಅಂಟಿಸೋದು ತೀರಾ ಕಮ್ಮಿ ಆಗುತ್ತೆ. ಆದ್ದರಿಂದ ಮಾತ್ರೆ ನುಂಗ್ತಿರೋ ಆ ಆಳಿಗಿಂತ ಪರೀಕ್ಷೆಗೆ ಹೋಗದೆ ಕೆಮ್ತಿರೋನೇ ನಮಗೆ ಹೆಚ್ಚು ಅಪಾಯ. ಅವರು ಡಾಕ್ಟರು ಸರಿ ಅಂದ ದಿನದಿಂದ ನಮ್ಮ ಹೊಲಕ್ಕೇ ಬರ್ತಿದ್ದಾರೆ, ಚೊಂಬು ಬೇರೆ ಇಟ್ಟಿಲ್ಲ.

ಕೊನೇದಾಗಿ ಒಂದು ಕೋರಿಕೆ. 1960–61ರಲ್ಲಿ ಎಕ್ಸ್‌ರೇ ಗಾಡಿ ಊರಿಗೆ ಬಂದು ಎಲ್ಲರ ತೋಳಿಗೆ ಚುಚ್ಚಿದ್ದು ನೋಡಿದ ಅಜ್ಜ ಅಜ್ಜಿ ನಿಮ್ಮ ಮನೇಲಿದ್ರೆ, ಅದು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಯಾವ ತಾಲ್ಲೂಕಾದ್ರೂ ಸರಿ, ಅವರು ಹೇಳಿದ್ದನ್ನ ಬರ್ಕೊಂಡು ಊರಿನ ಹೆಸರು ಸಮೇತ ನಂಗೆ ಕಳಿಸಿ. ಆಗ ಹತ್ತು ವರ್ಷದೋರು ಈಗ ಎಪ್ಪತ್ತೈದು ದಾಟಿದ್ದಾರೆ.